ಬೋರ್ಡಿನಲ್ಲಿ 30, ಕೋಡಿನಲ್ಲಿ 14: ಒಂದೇ ಕಂಪನಿ ಮೂರು ಮಾತಾಡುವುದು ಯಾಕೆ?

ಮೆಕ್ಕೆಜೋಳದ ಸುಗ್ಗಿ. ದಾವಣಗೆರೆ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿವೆ. ಒಂದು ದಲ್ಲಾಳಿ ಅಂಗಡಿಯ ಮುನೀಮರು ರೈತರಿಗೆ ಪಟ್ಟಿ, ಅಂದರೆ ಮಾಲಿನ ಲೆಕ್ಕದ ಚೀಟಿ, ಕೊಡಲು ಕಂಪ್ಯೂಟರ್ ತೆರೆದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಒಳಗೇ ಬಿಡುತ್ತಿಲ್ಲ. 'ನಿಮ್ಮ ಉಚಿತ ಅವಧಿ ಮುಗಿದಿದೆ' ಎಂಬ ಒಂದೇ ಸಾಲು. ತೂಕ ಆಗಿದೆ, ರೈತರು ಕಾಯುತ್ತಿದ್ದಾರೆ, ಪಟ್ಟಿ ಬರುತ್ತಿಲ್ಲ.

ಆ ಸಾಫ್ಟ್‌ವೇರ್ ಮಾಡಿದ್ದ ಸಣ್ಣ ಕಂಪನಿಯಲ್ಲಿ ನಾನು ಆಗ ಕೆಲಸಕ್ಕಿದ್ದೆ. ಫೋನ್ ನನ್ನ ಪಾಲಿಗೇ ಬಂತು.

"ಏನ್ರಿ ಇದು? ವೆಬ್‌ಸೈಟ್‌ನಾಗೆ ಮೂವತ್ತು ದಿನ ಫ್ರೀ ಅಂತ ಐತಿ. ಇವತ್ತಿಗೆ ಹದಿನೈದನೇ ದಿನ. ಲಾಕ್ ಆಗೇತಿ!"

ಸಾರ್, ಒಂದು ನಿಮಿಷ ಎಂದು ಹೇಳಿ ನೋಡಿದೆ. ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ 30 ದಿನ ಎಂದೇ ಇತ್ತು. ನಮ್ಮದೇ ಬಳಕೆ ಕೈಪಿಡಿಯಲ್ಲಿ 15 ದಿನ ಎಂದಿತ್ತು. ಕೋಡ್, ಅಂದರೆ ಸಾಫ್ಟ್‌ವೇರ್ ಏನು ಮಾಡಬೇಕು ಎಂದು ಕಂಪ್ಯೂಟರಿಗೆ ಬರೆದಿಟ್ಟ ಸೂಚನೆ, ತೆರೆದು ನೋಡಿದರೆ ಅಲ್ಲಿ 14.

ಯಾರೂ ಸುಳ್ಳು ಹೇಳಿರಲಿಲ್ಲ. ಕೋಡ್ ಬರೆದ ಹುಡುಗ ಎರಡು ವಾರ ಎಂದುಕೊಂಡು 14 ಹಾಕಿದ್ದ. ಕೈಪಿಡಿ ಬರೆಯುತ್ತಿದ್ದವರು ಅವನನ್ನು ಬಾಯಿಮಾತಲ್ಲಿ ಕೇಳಿದಾಗ 'ಎರಡು ವಾರ ಮೇಡಂ' ಎಂದಿದ್ದ. ಕನ್ನಡದಲ್ಲಿ ಎರಡು ವಾರ ಅಂದರೆ ಹದಿನೈದು ದಿನ ತಾನೇ? ಒಂದು ವಾರಕ್ಕೆ ನಾವು 'ಎಂಟು ದಿನ ಬಿಟ್ಟು ಬಾ' ಎನ್ನುವವರು. ಅವರು 15 ಎಂದು ಬರೆದರು. ದಸರಾ ಹೊತ್ತಿಗೆ ಮಾರಾಟದವರು ಆಫರ್ ಎಂದು ವೆಬ್‌ಸೈಟಿನಲ್ಲಿ 30 ಮಾಡಿದರು. ಕೋಡಿನವನಿಗೆ ಹೇಳಲು ಮರೆತರು. ಮೂವರೂ ಒಂದೇ ಮಹಡಿಯಲ್ಲಿ ಕೂರುತ್ತಿದ್ದರು.

ಕಂಪನಿಯ ವೆಬ್‌ಸೈಟ್, ಕೋಡ್ ಇಡುವ ಜಾಗ, ಕೈಪಿಡಿ, ಈ ಮೂರೂ ಒಂದೇ ಮಾತು ಹೇಳುವಂತೆ ನೋಡಿಕೊಳ್ಳುವುದು ಸಾಫ್ಟ್‌ವೇರ್ ಜಗತ್ತಿನ ಒಂದು ಹಳೇ ತಲೆನೋವು. ಮೊದಲು ಇದು ಕಂಪನಿಯ ಒಳಗಿನ ಜಗಳ ಅಷ್ಟೇ ಆಗಿತ್ತು. ಈಗ ಮಂಡಿಪೇಟೆಯ ಅಂಗಡಿಯಿಂದ ಹಿಡಿದು ಕ್ಲಿನಿಕ್, ಟ್ಯೂಷನ್ ಕ್ಲಾಸಿನವರೆಗೆ ಎಲ್ಲರ ಲೆಕ್ಕವೂ ಯಾವುದೋ ಒಂದು ಸಾಫ್ಟ್‌ವೇರ್ ಒಳಗಿದೆ. ಇಂಜಿನಿಯರಿಂಗ್ ಓದುವ ಮಕ್ಕಳು ಕೆಲಸ ಕೇಳುವಾಗ ತಮ್ಮ ಕೋಡಿನ ಪುಟವನ್ನೇ ತೋರಿಸುತ್ತಾರೆ. ಹಾಗಾಗಿ ಇದರ ಒಳಗುಟ್ಟು ಸ್ವಲ್ಪ ತಿಳಿದಿದ್ದರೆ ಒಳ್ಳೆಯದು.

ಮೂರು ಜಾಗ ಅಂದರೆ ಯಾವುವು?

ದಾವಣಗೆರೆಯವನು ಬರೆಯುತ್ತಿದ್ದಾನೆ ಅಂದ ಮೇಲೆ ದೋಸೆ ಬರಲೇಬೇಕು. ಬಂದು ಹೋಗಲಿ.

ಬೆಣ್ಣೆ ದೋಸೆ ಹೋಟೆಲಿನ ಹೊರಗೆ ಒಂದು ಬೋರ್ಡಿರುತ್ತದೆ. ದಾರಿಯಲ್ಲಿ ಹೋಗುವವರನ್ನು ಒಳಗೆ ಕರೆಯುವುದು ಅದರ ಕೆಲಸ. ಕಂಪನಿಯ ವೆಬ್‌ಸೈಟ್ ಅಂದರೆ ಆ ಬೋರ್ಡು. ನಮ್ಮಲ್ಲಿ ಏನು ಸಿಗುತ್ತದೆ, ಯಾರಿಗೆ, ಎಷ್ಟಕ್ಕೆ ಎಂದು ಅದು ಹೇಳುತ್ತದೆ.

ಒಳಗೆ ಕಾವಲಿ ಇರುವ ಅಡುಗೆಮನೆ ಇದೆ. ದೋಸೆ ನಿಜವಾಗಿ ಹುಟ್ಟುವುದು ಅಲ್ಲಿ. ಸಾಫ್ಟ್‌ವೇರಿನಲ್ಲಿ ಈ ಅಡುಗೆಮನೆಗೆ ಕೋಡ್ ರೆಪೊಸಿಟರಿ ಎನ್ನುತ್ತಾರೆ, ಬಾಯಿಮಾತಲ್ಲಿ ರೆಪೊ. ಕೋಡಿನ ಎಲ್ಲ ಕಡತಗಳೂ ಇಲ್ಲಿರುತ್ತವೆ. ಯಾರು ಯಾವತ್ತು ಏನು ಬದಲಾಯಿಸಿದರು ಎಂಬ ಚರಿತ್ರೆಯೂ ಇರುತ್ತದೆ. ಈ ಚರಿತ್ರೆ ಇಡುವ ಸಾಧನದ ಹೆಸರು ಗಿಟ್. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ಅದನ್ನು 2005ರಲ್ಲಿ ಬರೆದರು. 2008ರಲ್ಲಿ ಶುರುವಾದ ಗಿಟ್‌ಹಬ್ ಇಂಥ ರೆಪೊಗಳನ್ನು ಇಂಟರ್ನೆಟ್ಟಿನಲ್ಲಿ ಇಡಲು ಜಾಗ ಕೊಡುತ್ತದೆ. ಕೆಲವು ಕಂಪನಿಗಳು ಅಡುಗೆಮನೆಯ ಬಾಗಿಲು ತೆರೆದೇ ಇಡುತ್ತವೆ, ಯಾರು ಬೇಕಾದರೂ ಇಣುಕಬಹುದು. ಒಳಗೆ ಹೊಕ್ಕ ಕೂಡಲೇ ಕಾಣುವ ಪರಿಚಯದ ಪುಟಕ್ಕೆ ರೀಡ್‌ಮಿ ಎನ್ನುತ್ತಾರೆ, 'ಮೊದಲು ನನ್ನನ್ನು ಓದಿ' ಎಂಬ ಅರ್ಥದಲ್ಲಿ.

ಮೂರನೆಯದು ಡಾಕ್ಯುಮೆಂಟೇಶನ್, ಚಿಕ್ಕದಾಗಿ ಡಾಕ್ಸ್. ಕೈಪಿಡಿ ಎಂದರೂ ಸರಿಯೇ. ಹೋಟೆಲಿನಲ್ಲಿ ಇದು ಸಪ್ಲೈಯರ್ ಬಾಯಿ. 'ಖಾಲಿ ಅಂದ್ರೆ ಪಲ್ಯ ಒಳಗೆ ಇರಲ್ಲ ಸಾರ್, ಓಪನ್ ಅಂದ್ರೆ ಮಡಚಲ್ಲ' ಎಂದು ಅವನು ಬಿಡಿಸಿ ಹೇಳುತ್ತಾನಲ್ಲ, ಆ ಕೆಲಸ. ಹೇಗೆ ಇನ್‌ಸ್ಟಾಲ್ ಮಾಡುವುದು, ಯಾವ ಬಟನ್ ಒತ್ತಿದರೆ ಏನಾಗುತ್ತದೆ, ತಪ್ಪಾದರೆ ಏನು ಮಾಡುವುದು ಎಂದೆಲ್ಲ ಡಾಕ್ಸ್‌ನಲ್ಲಿರುತ್ತದೆ.

ಈ ಮೂರೂ ಕಡೆ ಕಂಪನಿ ತನ್ನ ಬಗ್ಗೆ ಹೇಳಿಕೊಳ್ಳುವ ಮಾತಿಗೆ ಒಟ್ಟಾಗಿ ಮೆಸೇಜಿಂಗ್ ಎನ್ನುತ್ತಾರೆ. ದೊಡ್ಡ ಹೆಸರು, ಒಳಗಿರುವುದು ಸಣ್ಣ ಸಣ್ಣ ಸಂಗತಿಗಳೇ: ಹೆಸರು, ಬೆಲೆ, ಅವಧಿ, ಯಾವ ಫೋನಿಗೆ ಓಡುತ್ತದೆ, ಯಾವ ಷರತ್ತು.

ಎಲ್ಲರೂ ಬೋರ್ಡು ನೋಡಿ ಬರುವುದಿಲ್ಲ

ಕಂಪನಿಯವರು ಅಂದುಕೊಳ್ಳುವುದೇ ಬೇರೆ: ಗಿರಾಕಿ ಮೊದಲು ವೆಬ್‌ಸೈಟಿಗೆ ಬರುತ್ತಾನೆ, ಓದುತ್ತಾನೆ, ಆಮೇಲೆ ಡಾಕ್ಸ್‌ಗೆ ಹೋಗುತ್ತಾನೆ. ನಿಜದಲ್ಲಿ ಹಾಗೆ ನಡೆಯುವುದಿಲ್ಲ. ಅಂಗಡಿ ಮಾಲೀಕ ವೆಬ್‌ಸೈಟ್ ನೋಡುತ್ತಾನೆ. ಅವನ ಮಗ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದರೆ ಸೀದಾ ಗಿಟ್‌ಹಬ್‌ಗೆ ಹೋಗುತ್ತಾನೆ. ದಿನಾ ಕೆಲಸ ಮಾಡುವ ಮುನೀಮರು ಏನೋ ಸಿಕ್ಕಿಹಾಕಿಕೊಂಡಾಗ ಗೂಗಲ್ ಮಾಡಿ ಡಾಕ್ಸ್‌ನ ನಡುವಿನ ಯಾವುದೋ ಪುಟಕ್ಕೆ ಇಳಿಯುತ್ತಾರೆ. ಸಂಜೆ ಮೂವರೂ ಕೂತು ಮಾತಾಡಿದರೆ ಮೂರು ಬೇರೆ ಬೇರೆ ಸಾಫ್ಟ್‌ವೇರ್ ಬಗ್ಗೆ ಮಾತಾಡಿದ ಹಾಗಿರುತ್ತದೆ.

ಈಗ ಇನ್ನೊಬ್ಬ ಓದುಗ ಸೇರಿಕೊಂಡಿದ್ದಾನೆ. ಅದು ಎ.ಐ. ಸಹಾಯಕ. 'ಈ ಸಾಫ್ಟ್‌ವೇರ್ ಎಷ್ಟು ದಿನ ಫ್ರೀ?' ಎಂದು ಫೋನಿಗೆ ಕೇಳಿದರೆ ಅದು ಎಲ್ಲೆಲ್ಲಿಂದಲೋ ಓದಿದ್ದನ್ನು ಸೇರಿಸಿ ಒಂದೇ ಉತ್ತರ ಕೊಡುತ್ತದೆ. ಮೂರು ಜಾಗದಲ್ಲಿ ಮೂರು ಅಂಕಿ ಇದ್ದರೆ ಅದರಲ್ಲಿ ಯಾವುದೋ ಒಂದನ್ನು ಹಿಡಿದುಕೊಳ್ಳಬಹುದು. ಅದೂ ಎಷ್ಟು ಧೈರ್ಯದಿಂದ ಹೇಳುತ್ತದೆ ಅಂದರೆ, ಕೇಳಿದವರಿಗೆ ಅನುಮಾನವೇ ಬರುವುದಿಲ್ಲ.

ಕೆನಡಾದಲ್ಲಿ ಇಂಥದ್ದೇ ಒಂದು ಪ್ರಕರಣ ನಡೆಯಿತು. ಏರ್ ಕೆನಡಾ ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಒಂದು ಚಾಟ್‌ಬಾಟ್ ಇತ್ತು. ಅಜ್ಜಿ ತೀರಿಕೊಂಡಾಗ ಊರಿಗೆ ಹೊರಟ ಪ್ರಯಾಣಿಕನೊಬ್ಬನಿಗೆ ಅದು, ಈಗ ಟಿಕೆಟ್ ತೆಗೆದುಕೊಳ್ಳಿ, 90 ದಿನದೊಳಗೆ ಅರ್ಜಿ ಹಾಕಿದರೆ ಸಾವಿನ ಸಂದರ್ಭದ ರಿಯಾಯಿತಿ ಸಿಗುತ್ತದೆ ಎಂದಿತು. ಅದೇ ವೆಬ್‌ಸೈಟಿನ ಇನ್ನೊಂದು ಪುಟದಲ್ಲಿ, ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲ ಎಂದಿತ್ತು. ಸರಿಯಾದ ಮಾಹಿತಿ ಪುಟದಲ್ಲಿತ್ತಲ್ಲ ಎಂದು ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಪುಟವೂ ನಿಮ್ಮದೇ, ಚಾಟ್‌ಬಾಟೂ ನಿಮ್ಮದೇ, ಒಂದನ್ನು ನಂಬಬೇಕು ಇನ್ನೊಂದನ್ನು ನಂಬಬಾರದು ಎಂದು ಗಿರಾಕಿಗೆ ಹೇಗೆ ಗೊತ್ತಾಗಬೇಕು ಎಂಬುದು ತೀರ್ಪಿನ ಸಾರ. ಬಡ್ಡಿ, ಶುಲ್ಕ ಎಲ್ಲ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಲು ಹೇಳಿತು. ದುಡ್ಡು ದೊಡ್ಡದಲ್ಲ. ಆದರೆ 'ಬೇರೆ ಕಡೆ ಸರಿಯಾಗಿ ಬರೆದಿದ್ದೆವು' ಎಂಬ ನೆಪ ಅಲ್ಲಿ ನಡೆಯಲಿಲ್ಲ.

ಮಾತು ತಪ್ಪುವುದು ಹೇಗೆ?

ಜಾಸ್ತಿ ಸಲ ಯಾರೂ ತಪ್ಪು ಬರೆದಿರುವುದಿಲ್ಲ. ಬರೆದ ದಿನ ಅದು ಸರಿಯೇ ಇರುತ್ತದೆ. ಆಮೇಲೆ ಲೋಕ ಬದಲಾಗುತ್ತದೆ, ಬರಹ ಅಲ್ಲೇ ಉಳಿಯುತ್ತದೆ.

ದಾವಣಗೆರೆ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಅದಕ್ಕೂ ಮುಂಚಿನ ಅಂಕಪಟ್ಟಿ, ಕಾಗದಪತ್ರ ತೆಗೆದು ನೋಡಿ, 'ಚಿತ್ರದುರ್ಗ ಜಿಲ್ಲೆ' ಎಂದಿರುತ್ತದೆ. ಊರಿನ ಪಕ್ಕದ ಹೆದ್ದಾರಿಯ ನಂಬರು 4 ಹೋಗಿ 48 ಆಗಿ ಎಷ್ಟೋ ವರ್ಷವಾಯಿತು. ಈಗಲೂ ವಿಳಾಸ ಕೇಳಿದರೆ 'ಎನ್.ಎಚ್. ಫೋರ್ ಹತ್ರ' ಎನ್ನುವವರಿದ್ದಾರೆ. ಊರಿನವರಿಗೆ ತೊಂದರೆ ಇಲ್ಲ, ಎರಡೂ ಒಂದೇ ಎಂದು ಗೊತ್ತು. ಹೊಸಬನಿಗೆ ಗೊತ್ತಿರುವುದಿಲ್ಲ. ಕಂಪ್ಯೂಟರಿಗಂತೂ ಗೊತ್ತೇ ಆಗುವುದಿಲ್ಲ. ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ನೋಡಿ. ಜಿಲ್ಲೆಯ ಸರ್ಕಾರಿ ವೆಬ್‌ಸೈಟಿನ ವಿಳಾಸದಲ್ಲಿ ನಡುವೆ ಒಂದು 'ಎ' ಜಾಸ್ತಿ ಇದೆ. 2009ರಲ್ಲಿ ಶುರುವಾದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆ 'ಎ' ಇಲ್ಲ. ಓದುವ ನಮಗೆ ಒಂದೇ ಊರು. ಅಕ್ಷರಕ್ಕೆ ಅಕ್ಷರ ಹೋಲಿಸುವ ಪ್ರೋಗ್ರಾಮಿಗೆ ಎರಡು ಊರು.

ಸಾಫ್ಟ್‌ವೇರಿನಲ್ಲೂ ಹೀಗೇ ಆಗುತ್ತದೆ. ರೆಪೊದಲ್ಲಿ ಕೋಡಿನ ಮುಖ್ಯ ಕವಲಿಗೆ ಮೊದಲೆಲ್ಲ 'ಮಾಸ್ಟರ್' ಎಂಬ ಹೆಸರಿತ್ತು. 2020ರ ಅಕ್ಟೋಬರ್ 1ರಿಂದ ಗಿಟ್‌ಹಬ್ ಹೊಸ ರೆಪೊಗಳಿಗೆ 'ಮೇನ್' ಎಂಬ ಹೆಸರು ಕೊಡತೊಡಗಿತು. ಹಳೇ ಕೈಪಿಡಿಗಳಲ್ಲಿ ಇನ್ನೂ 'ಮಾಸ್ಟರ್‌ಗೆ ಪುಶ್ ಮಾಡಿ' (ನಿಮ್ಮ ಬದಲಾವಣೆಯನ್ನು ಆ ಕವಲಿಗೆ ಏರಿಸಿ) ಎಂದೇ ಇದೆ. ಗಿಟ್‌ಹಬ್‌ನಿಂದ ಹೊಸ ರೆಪೊ ಇಳಿಸಿಕೊಂಡ ವಿದ್ಯಾರ್ಥಿ ಆ ಸಾಲನ್ನು ಹಾಗೇ ಟೈಪ್ ಮಾಡುತ್ತಾನೆ, ಎರರ್ ಬರುತ್ತದೆ. ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡು ರಾತ್ರಿಯೆಲ್ಲ ಕೂರುತ್ತಾನೆ.

ಇನ್ನೊಂದು ಕಾರಣ ಸ್ವಲ್ಪ ಒಳಗಿನದು, ಕೆಲಸ ಮಾಡುವವರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ಮದುವೆ ಕಾರ್ಡು ಪ್ರೆಸ್ಸಿನಲ್ಲಿ ಅಚ್ಚಾಗಿ ಹಂಚಿಯೂ ಆಯಿತು ಅಂದುಕೊಳ್ಳಿ. ಆಮೇಲೆ ಕಲ್ಯಾಣ ಮಂಟಪ ಬದಲಾಯಿತು. ನಿಮ್ಮ ಕಂಪ್ಯೂಟರಿನಲ್ಲಿರುವ ಕಾರ್ಡಿನ ಫೈಲನ್ನು ಎಷ್ಟು ತಿದ್ದಿದರೂ ನೆಂಟರ ಮನೆಯ ಕಾರ್ಡು ಬದಲಾಗುವುದಿಲ್ಲ ಅಲ್ವಾ? ರೀಡ್‌ಮಿ ಕಥೆಯೂ ಅದೇ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರು ತಮ್ಮ ಕೋಡಿನ ಪೊಟ್ಟಣವನ್ನು ಎನ್‌ಪಿಎಂ ಎಂಬ ಉಗ್ರಾಣದಲ್ಲಿ ಇಡುತ್ತಾರೆ, ಪೈಥಾನ್ ಎಂಬ ಇನ್ನೊಂದು ಭಾಷೆಯವರು ಪೈಪಿಐ ಎಂಬಲ್ಲಿ. ಪೊಟ್ಟಣ ಏರಿಸಿದ ದಿನ ರೀಡ್‌ಮಿ ಹೇಗಿತ್ತೋ ಅದರದೊಂದು ಪ್ರತಿ ಅಲ್ಲಿಯ ಪುಟಕ್ಕೆ ಅಂಟಿಕೊಳ್ಳುತ್ತದೆ. ನಾಳೆ ಗಿಟ್‌ಹಬ್‌ನಲ್ಲಿ ತಪ್ಪು ತಿದ್ದಿದರೆ ಗಿಟ್‌ಹಬ್‌ನಲ್ಲಿ ಮಾತ್ರ ಸರಿಯಾಗುತ್ತದೆ. ಉಗ್ರಾಣದ ಪುಟ ಸರಿಯಾಗಬೇಕಾದರೆ ಹೊಸ ವರ್ಷನ್ನನ್ನೇ (ಆವೃತ್ತಿಯನ್ನೇ) ಏರಿಸಬೇಕು. ಒಂದು ಕಾಗುಣಿತದ ತಪ್ಪು ತಿದ್ದಲು ಹೊಸ ವರ್ಷನ್ ಯಾಕೆ ಎಂದು ಬಿಟ್ಟುಬಿಡುತ್ತಾರೆ. ಹಳೇ ಮಾತು ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ.

ಹೆಸರು ಬದಲಿಸಿದಾಗ ಇನ್ನೂ ಪಜೀತಿ. ರೆಪೊದ ಹೆಸರು ಬದಲಾಯಿಸಿದರೆ ಗಿಟ್‌ಹಬ್ ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಿಕೊಡುತ್ತದೆ. ಹಾಗಾಗಿ ಯಾರಿಗೂ ಅವಸರ ಇರುವುದಿಲ್ಲ, ಹಳೇ ಲಿಂಕುಗಳು ಡಾಕ್ಸ್ ತುಂಬ ಹಾಗೇ ಉಳಿಯುತ್ತವೆ. ಮುಂದೊಂದು ದಿನ ನಿಮ್ಮವರೇ ಯಾರೋ ಆ ಹಳೇ ಹೆಸರಿನಲ್ಲಿ ಹೊಸ ರೆಪೊ ತೆರೆದರೆ, ಕಳಿಸಿಕೊಡುವುದು ನಿಂತುಹೋಗುತ್ತದೆ. ಅಲ್ಲಿಯವರೆಗೆ ಸರಿಯಾಗಿದ್ದ ಲಿಂಕುಗಳೆಲ್ಲ ಒಂದೇ ದಿನದಲ್ಲಿ ಬೇರೆ ಮನೆಯ ಬಾಗಿಲು ತಟ್ಟುತ್ತವೆ.

ಪಟ್ಟಿಯೋ, ಬಿಲ್ಲೋ, ಇನ್‌ವಾಯ್ಸೋ?

ಅಂಕಿಗಿಂತ ಪದದ ಗೊಂದಲ ಹಿಡಿಯುವುದು ಕಷ್ಟ. ನಮ್ಮ ಆ ಸಾಫ್ಟ್‌ವೇರಿನಲ್ಲೇ ವೆಬ್‌ಸೈಟ್ 'ಇನ್‌ವಾಯ್ಸ್' ಎನ್ನುತ್ತಿತ್ತು. ತೆರೆಯ ಮೇಲಿನ ಬಟನ್ 'ಬಿಲ್' ಎನ್ನುತ್ತಿತ್ತು. ಡಾಕ್ಸ್ ಬರೆದವರಿಗೆ ಒಳ್ಳೆಯ ಕನ್ನಡ ಬೇಕಿತ್ತು, ಅವರು 'ರಸೀದಿ' ಎಂದಿದ್ದರು. ಮುನೀಮರ ಬಾಯಲ್ಲಿ ಅದು 'ಪಟ್ಟಿ'.

ಸುಮ್ನೆ ಪದದ ವ್ಯತ್ಯಾಸ ಅಂದುಕೊಂಡಿದ್ದೆವು. ಮುನೀಮರೇ ಒಂದು ದಿನ ಕೂರಿಸಿಕೊಂಡು ಹೇಳಿದರು: "ಪಟ್ಟಿ ರೈತರಿಗೆ ಕೊಡೋದು, ಬಿಲ್ ಖರೀದಿದಾರರಿಗೆ ಕೊಡೋದು. ಎರಡೂ ಬೇರೆ ರೀ." ಪಟ್ಟಿಯಲ್ಲಿ ಮಾಲಿನ ತೂಕ, ದರ, ಖರ್ಚು ಕಳೆದು ರೈತನ ಕೈಗೆ ಎಷ್ಟು ಬರುತ್ತದೆ ಎಂದಿರುತ್ತದೆ. ಬಿಲ್ಲಿನಲ್ಲಿ ಕೊಂಡವನು ಎಷ್ಟು ಕೊಡಬೇಕು ಎಂದಿರುತ್ತದೆ. ನಾವು ಎರಡಕ್ಕೂ ಸೇರಿಸಿ ಮೂರು ಪದ ಬಳಸಿ, ಎರಡರಲ್ಲಿ ಯಾವುದನ್ನೂ ಸರಿಯಾಗಿ ಹೇಳಿರಲಿಲ್ಲ. ಡಾಕ್ಸ್‌ನಲ್ಲಿ 'ಪಟ್ಟಿ' ಎಂದು ಹುಡುಕಿದರೆ ಸಿಗುತ್ತಿದ್ದುದು 'ಗಿರಾಕಿಗಳ ಪಟ್ಟಿ' ಎಂಬ ಪುಟ!

ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡುವವರಿಗೆ ಈ ಕಾಟ ಜಾಸ್ತಿ. 'ಸೇವ್' ಎಂಬುದು ಒಂದು ಕಡೆ 'ಉಳಿಸಿ', ಇನ್ನೊಂದು ಕಡೆ 'ಸೇವ್ ಮಾಡಿ', ಮತ್ತೊಂದು ಕಡೆ 'ಸಂಗ್ರಹಿಸಿ' ಆಗಿರುತ್ತದೆ. ಯಾವುದೂ ತಪ್ಪಲ್ಲ. ಆದರೆ ಕೈಪಿಡಿ 'ಉಳಿಸಿ ಒತ್ತಿ' ಎಂದಾಗ ತೆರೆಯ ಮೇಲೆ 'ಉಳಿಸಿ' ಎಂಬ ಬಟನ್ನೇ ಇರಬೇಕು.

ಬ್ರಹ್ಮಗಿರಿಯ ಬಂಡೆಗಳು

ಒಂದೇ ಮಾತು ಅಂದರೆ ಎಲ್ಲ ಕಡೆ ಅದೇ ವಾಕ್ಯ ಅಂಟಿಸುವುದು ಎಂದು ಎಷ್ಟೋ ಜನ ತಿಳಿಯುತ್ತಾರೆ. ಹಾಗಿಲ್ಲ. ಇದಕ್ಕೆ ನಮ್ಮ ಪಕ್ಕದಲ್ಲೇ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಎರಡು ಸಾವಿರ ವರ್ಷಕ್ಕೂ ಹಳೆಯ ಉದಾಹರಣೆ ಇದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಕೆಲವೇ ಕಿಲೋಮೀಟರ್ ಅಂತರದ ಈ ಮೂರು ಜಾಗಗಳಲ್ಲಿ ಅಶೋಕನ ಒಂದೇ ಶಾಸನದ ಮೂರು ಪ್ರತಿಗಳಿವೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಇದೇ ಆಜ್ಞೆಯ ಪ್ರತಿಗಳು ಉತ್ತರದ ರೂಪನಾಥ, ಸಸಾರಾಮ್‌ಗಳಲ್ಲೂ ಇವೆ. ಮುಖ್ಯ ಮಾತು ಅದೇ. ಆದರೆ ನಮ್ಮ ಕಡೆಯ ಪ್ರತಿಯ ತಲೆಯ ಮೇಲೆ ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಇಸಿಲ ಎಂಬ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸುವ ಸಾಲುಗಳಿವೆ. ಓದುವವರು ಯಾರು ಎಂದು ನೋಡಿಕೊಂಡು ಮುಂದಿನ ಸಾಲು ಸೇರಿಸಿದ್ದಾರೆ, ಆಜ್ಞೆಯ ತಿರುಳನ್ನು ಮುಟ್ಟಿಲ್ಲ. ವೆಬ್‌ಸೈಟಿಗೂ ರೀಡ್‌ಮಿಗೂ ಇರಬೇಕಾದ ವ್ಯತ್ಯಾಸ ಇಷ್ಟೇ. ಅಂಗಡಿ ಮಾಲೀಕನಿಗೆ 'ಸುಗ್ಗಿಯಲ್ಲೂ ನಿಮಿಷದಲ್ಲಿ ಪಟ್ಟಿ' ಎನ್ನಬಹುದು. ಕೋಡ್ ನೋಡುವವನಿಗೆ ಅದನ್ನೇ ಒಣ ಭಾಷೆಯಲ್ಲಿ ಹೇಳಬಹುದು. 30 ಮಾತ್ರ 30 ಆಗಿಯೇ ಇರಬೇಕು.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಜೊತೆಗೆ 'ಲಿಪಿಕಾರ' ಎಂಬ ಅರ್ಥದ ಪದವನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ವಾಯವ್ಯ ಭಾರತದ ಆ ಲಿಪಿ ಬಲದಿಂದ ಎಡಕ್ಕೆ ಓಡುತ್ತದೆ. ಇವತ್ತು ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಜೊತೆ ಬರೆದವರ ಹೆಸರು ಉಳಿಯುತ್ತದಲ್ಲ, ಆ ಸಂಪ್ರದಾಯಕ್ಕೆ ಚಪಡನನ್ನು ಹಿರಿಯಣ್ಣ ಎಂದು ನಾನಂತೂ ಒಪ್ಪಿಕೊಂಡಿದ್ದೇನೆ.

ಆ ಶಾಸನಗಳಲ್ಲೂ ಎಡವಟ್ಟುಗಳಿವೆ. 256 ಎಂಬ ಸಂಖ್ಯೆ ಪ್ರತಿಗಳಲ್ಲಿ ಬರುತ್ತದೆ. ಯಾವುದರ 256 ಎಂದು ಬಿಡಿಸಿ ಹೇಳದೆ ಇದ್ದುದರಿಂದ ಅದು ಬುದ್ಧ ತೀರಿಕೊಂಡ ಮೇಲಿನ ವರ್ಷಗಳೋ, ಪ್ರವಾಸದಲ್ಲಿ ಕಳೆದ ರಾತ್ರಿಗಳೋ ಎಂದು ವಿದ್ವಾಂಸರು ಬಹಳ ಕಾಲ ವಾದ ಮಾಡಿದರು. ಇನ್ನು ಹೆಸರು. ಬಹಳಷ್ಟು ಶಾಸನಗಳಲ್ಲಿ ರಾಜನ ಹೆಸರು 'ದೇವಾನಾಂಪಿಯ ಪಿಯದಸಿ' ಎಂದಿದೆ, ಕೆಲವೆಡೆ 'ದೇವಾನಾಂಪಿಯ' ಎಂದಷ್ಟೇ ಇದೆ. ಅವನೇ ಅಶೋಕ ಎಂದು ಗಟ್ಟಿಯಾಗಲು 1915ರಲ್ಲಿ ರಾಯಚೂರು ಕಡೆಯ ಮಸ್ಕಿಯಲ್ಲಿ ಆ ಹೆಸರೇ ಇರುವ ಶಾಸನ ಸಿಗಬೇಕಾಯಿತು. ಒಂದೇ ವಸ್ತುವಿಗೆ ಎರಡು ಹೆಸರಿಟ್ಟರೆ ಜೋಡಿಸುವ ಕೆಲಸ ಓದುವವರ ತಲೆಗೆ ಬೀಳುತ್ತದೆ.

ಒಂದು ಸಂಗತಿಗೆ ಒಂದೇ ಮನೆ

ಹಾಗಾದರೆ ಸರಿಮಾಡುವುದು ಹೇಗೆ? ಎಲ್ಲರೂ ಹುಷಾರಾಗಿರಿ ಎಂದು ಮೀಟಿಂಗಿನಲ್ಲಿ ಹೇಳಿದರೆ ಎಂಟು ದಿನ ನಡೆಯುತ್ತದೆ, ಆಮೇಲೆ ಯಥಾಪ್ರಕಾರ. ಕೆಲಸಕ್ಕೆ ಬರುವ ದಾರಿ ಬೇರೆ: ಪ್ರತಿ ಸಂಗತಿಗೂ ಒಂದೇ ಮನೆ ಗೊತ್ತುಮಾಡುವುದು. ಉಚಿತ ಅವಧಿ ಎಷ್ಟು ಎಂಬುದು ಒಂದೇ ಒಂದು ಕಡತದಲ್ಲಿರಬೇಕು. ಉಳಿದ ಜಾಗಗಳು ಅದನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು, ಕೈಯಲ್ಲಿ ಟೈಪ್ ಮಾಡಬಾರದು.

ಇದು ಮಾಡಲು ಕಷ್ಟವೇನಿಲ್ಲ. ಡಾಕ್ಸ್ ತಯಾರಿಸುವ ಬಹಳಷ್ಟು ಸಾಧನಗಳಲ್ಲಿ ಅಂಕಿಯ ಬದಲು ಒಂದು ಗುರುತು ಬರೆದಿಡಬಹುದು, ಪುಟ ತಯಾರಾಗುವಾಗ ಗುರುತಿನ ಜಾಗಕ್ಕೆ ಅಂಕಿ ಬಂದು ಕೂರುತ್ತದೆ. ಮದುವೆ ಕಾರ್ಡಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಆಮೇಲೆ ತುಂಬುತ್ತೇವಲ್ಲ, ಹಾಗೆ. ಇಡೀ ಪ್ಯಾರಾವನ್ನೇ ಬೇರೆ ಕಡತದಿಂದ ಎಳೆದುಕೊಳ್ಳುವ ಅನುಕೂಲವೂ ಇದೆ.

ಎಲ್ಲವನ್ನೂ ಹೀಗೆ ಪೋಣಿಸಲು ಆಗುವುದಿಲ್ಲ. ವೆಬ್‌ಸೈಟ್ ಬೇರೆ ಸಾಧನದಲ್ಲಿರುತ್ತದೆ, ಮಾರಾಟದವರಿಗೆ ಅವರದೇ ಭಾಷೆ ಬೇಕು. ಅಂಥಲ್ಲಿ ಕಾವಲು ಕೂರಿಸುತ್ತಾರೆ. ಕೋಡಿಗೆ ಯಾರೇ ಬದಲಾವಣೆ ತಂದರೂ ಅದು ಒಳಗೆ ಹೋಗುವ ಮುಂಚೆ ತಾನಾಗಿಯೇ ಕೆಲವು ಪರೀಕ್ಷೆ ಓಡುವ ಹಾಗೆ ಮಾಡಬಹುದು. ವೇಲ್ ಎಂಬ ಉಚಿತ ಸಾಧನವಿದೆ. 'ಇನ್‌ವಾಯ್ಸ್ ಎಂದು ಬರೆದರೆ ಬಿಡಬೇಡ, ಪಟ್ಟಿ ಅಥವಾ ಬಿಲ್ ಎನ್ನಲು ಹೇಳು' ಎಂಬಂಥ ನಿಯಮ ಬರೆದುಕೊಟ್ಟರೆ ಅದು ಡಾಕ್ಸ್ ಪೂರ್ತಿ ಜಾಲಾಡುತ್ತದೆ. ಲಿಂಕುಗಳು ಸತ್ತಿವೆಯೇ ಎಂದು ನೋಡುವ ಸಾಧನಗಳೂ ಇವೆ. ಪೈಥಾನಿನಲ್ಲಿ ಡಾಕ್‌ಟೆಸ್ಟ್ ಎಂಬುದು 2001ರಿಂದಲೂ ಇದೆ. ಕೈಪಿಡಿಯಲ್ಲಿ ಉದಾಹರಣೆಗೆ ಕೊಟ್ಟ ಕೋಡನ್ನು ಅದು ನಿಜವಾಗಿ ಓಡಿಸಿ, ಕೈಪಿಡಿ ಹೇಳಿದ ಉತ್ತರವೇ ಬರುತ್ತದೆಯೇ ಎಂದು ಹೋಲಿಸುತ್ತದೆ. ಕೋಡ್ ಬದಲಾಗಿ ಕೈಪಿಡಿ ಬದಲಾಗದಿದ್ದರೆ ಕೂಗಿಕೊಳ್ಳುತ್ತದೆ.

ಡಾಕ್ಸನ್ನೂ ಕೋಡಿನ ಪಕ್ಕದಲ್ಲೇ, ಅದೇ ರೆಪೊದಲ್ಲಿ ಇಡುವ ಪದ್ಧತಿ ಬಂದದ್ದು ಇದಕ್ಕೇ. 14 ಇದ್ದುದನ್ನು 30 ಮಾಡುವವನು ಕೈಪಿಡಿಯ ಸಾಲನ್ನೂ ಅದೇ ಉಸಿರಿನಲ್ಲಿ ತಿದ್ದಬೇಕು. ತಿದ್ದದೆ ಬಂದರೆ, ಬದಲಾವಣೆ ಪರಿಶೀಲಿಸುವವರು ವಾಪಸ್ ಕಳಿಸುತ್ತಾರೆ.

ಸಣ್ಣ ಕಂಪನಿಗೆ ಇಷ್ಟೆಲ್ಲ ಬೇಡ. ನಾವು ಮುನೀಮರ ಆ ಫೋನ್ ಬಂದ ಮಾರನೇ ದಿನ ಒಂದು ಹಾಳೆ ಮಾಡಿದೆವು. ಎಡಗಡೆ ಸಂಗತಿ, ನಡುವೆ ಅದರ ಮನೆ, ಬಲಗಡೆ ಅದನ್ನು ಹೇಳಿರುವ ಎಲ್ಲ ಜಾಗಗಳು, ಕೊನೆಗೆ ಯಾರ ಜವಾಬ್ದಾರಿ ಎಂದು. ಬರೆಯುತ್ತಾ ಹೋದರೆ ಉಚಿತ ಅವಧಿ ಮೂರಲ್ಲ, ಏಳು ಕಡೆ ಇತ್ತು. ಒಂದು ವಾಟ್ಸಾಪ್ ಬಿಸಿನೆಸ್ಸಿನ ಸ್ವಾಗತದ ಮೆಸೇಜಿನಲ್ಲಿ, ಇನ್ನೊಂದು ಅಂಗಡಿಗಳಿಗೆ ಹಂಚಿದ ಕರಪತ್ರದಲ್ಲಿ. ಕರಪತ್ರ ತಿದ್ದಲು ಯಾವ ಸಾಧನವೂ ಇಲ್ಲ.

ಲೈಸೆನ್ಸ್: ಇಲ್ಲಿ ಎಡವಬೇಡಿ

ಉಳಿದ ತಪ್ಪಿಗೆ ಕ್ಷಮೆ ಕೇಳಿ ಮುಗಿಸಬಹುದು. ಲೈಸೆನ್ಸ್ ವಿಷಯ ಹಾಗಲ್ಲ. ಕೋಡನ್ನು ಬೇರೆಯವರು ಬಳಸಬಹುದೇ, ಬದಲಾಯಿಸಬಹುದೇ, ಮಾರಬಹುದೇ ಎಂಬ ಅನುಮತಿ ಪತ್ರ ಅದು. ರೆಪೊದಲ್ಲಿ ಲೈಸೆನ್ಸ್ ಎಂಬ ಕಡತ ಇರುತ್ತದೆ, ಗಿಟ್‌ಹಬ್ ಅದನ್ನು ಓದಿ ಪುಟದ ಪಕ್ಕದಲ್ಲಿ ಹೆಸರು ತೋರಿಸುತ್ತದೆ. ರೀಡ್‌ಮಿಯಲ್ಲೂ ಒಂದು ಸಾಲು ಇರುತ್ತದೆ. ಪೊಟ್ಟಣದ ವಿವರದಲ್ಲಿ ಇನ್ನೊಂದು. ವೆಬ್‌ಸೈಟಿನಲ್ಲಿ 'ಓಪನ್ ಸೋರ್ಸ್' ಎಂದು ದೊಡ್ಡದಾಗಿ ಬರೆದಿರುತ್ತಾರೆ. ನಾಲ್ಕೂ ಒಂದೇ ಹೇಳದಿದ್ದರೆ, ನಂಬಿ ಬಳಸಿದವರು ಸಿಕ್ಕಿಬೀಳುತ್ತಾರೆ.

'ಓಪನ್ ಸೋರ್ಸ್' ಎಂದರೆ ಕೋಡ್ ಕಣ್ಣಿಗೆ ಕಾಣುತ್ತದೆ ಎಂದಷ್ಟೇ ಅಲ್ಲ. 1998ರಲ್ಲಿ ಹುಟ್ಟಿದ ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ ಅದಕ್ಕೆ ಹತ್ತು ಅಂಶಗಳ ವ್ಯಾಖ್ಯೆ ಇಟ್ಟಿದೆ. ಇಂಥ ಕೆಲಸಕ್ಕೆ ಬಳಸಬೇಡಿ ಎಂದು ತಡೆಯುವಂತಿಲ್ಲ ಎಂಬುದು ಅದರಲ್ಲೊಂದು. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ಎಂಬ ಹೆಸರಾಂತ ಸಾಧನದ ಲೈಸೆನ್ಸ್ ಬದಲಿಸಿತು. 1.5ರವರೆಗಿನ ವರ್ಷನ್ನುಗಳು ಹಳೇ ಓಪನ್ ಸೋರ್ಸ್ ಲೈಸೆನ್ಸಿನಲ್ಲೇ ಉಳಿದವು, 1.6ರಿಂದ ಹೊಸ ಷರತ್ತು. ಅಂದರೆ 'ಟೆರಾಫಾರ್ಮ್ ಓಪನ್ ಸೋರ್ಸಾ?' ಎಂಬ ಪ್ರಶ್ನೆಗೆ ಯಾವ ವರ್ಷನ್ ಎಂದು ಕೇಳದೆ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೂ ಮುಂಚೆ ಬರೆದ ಎಷ್ಟೋ ಪಾಠ, ಲೇಖನಗಳು ಈಗಲೂ ಹಳೇ ಮಾತನ್ನೇ ಹೇಳುತ್ತಿವೆ.

ನೀವು ಗಿರಾಕಿಯಾಗಿದ್ದರೆ

ದುಡ್ಡು ಕೊಡುವ ಮುಂಚೆ ವೆಬ್‌ಸೈಟ್ ಒಂದನ್ನೇ ನೋಡಬೇಡಿ, ಡಾಕ್ಸ್‌ನ ಪುಟವನ್ನೂ ತೆರೆಯಿರಿ. ಯಾವಾಗ ಬರೆದದ್ದು, ಯಾವ ವರ್ಷನ್ನಿಗೆ ಬರೆದದ್ದು ಎಂದು ಮೇಲೋ ಕೆಳಗೋ ಇರುತ್ತದೆ. ರೆಪೊ ತೆರೆದಿದ್ದರೆ ಕೊನೆಯ ಬದಲಾವಣೆಯ ದಿನಾಂಕ ಅಲ್ಲೇ ಕಾಣುತ್ತದೆ. ಬೆಲೆ, ಅವಧಿ, ಷರತ್ತು ಎರಡು ಕಡೆ ಬೇರೆ ಇದ್ದರೆ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಎ.ಐ. ಹೇಳಿದ್ದನ್ನು, ಅದು ಎಲ್ಲಿಂದ ತಂದಿತು ಎಂದು ಕೇಳಿ ಆ ಪುಟ ತೆರೆದು ನೋಡದೆ ನಂಬಬೇಡಿ.

ನಮ್ಮ ಮುನೀಮರ ಲಾಕು ಅವತ್ತು ಅರ್ಧ ಗಂಟೆಯಲ್ಲಿ ತೆಗೆಸಿದೆವು. ಕೋಡಿನಲ್ಲಿ ಒಂದು ಅಂಕಿ, ಕೈಪಿಡಿಯಲ್ಲಿ ಒಂದು ಅಂಕಿ. ಅಷ್ಟರಲ್ಲಿ ಅವರು ಹಳೇ ಪುಸ್ತಕ ತೆಗೆದು ಕೈಯಲ್ಲೇ ಹನ್ನೊಂದು ಪಟ್ಟಿ ಬರೆದುಕೊಟ್ಟಿದ್ದರು. ಮುಂದಿನ ವರ್ಷ ಹಣ ಕಟ್ಟಿಸಿಕೊಳ್ಳಲು ಅಂಗಡಿಗೆ ಹೋದಾಗ ಗಲ್ಲಾಪೆಟ್ಟಿಗೆಯ ಖಾನೆಯಿಂದ ಮಡಚಿದ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಹರವಿದರು. ನಮ್ಮ ವೆಬ್‌ಸೈಟಿನ ಬೆಲೆಯ ಪುಟ, ತಾರೀಖಿನ ಸಮೇತ.

"ಈ ಸಲ ಪ್ರಿಂಟ್ ತೆಗೆಸಿ ಇಟ್ಕಂಡೀನ್ರಿ," ಎಂದರು. "ಇದರಾಗೆ ಏನೈತಿ, ಕಂಪ್ಯೂಟರ್‌ನಾಗೂ ಅದೇ ಐತಿ ಅಂತ ಒಂದ್ಸಲ ತೋರಿಸಿಬಿಡ್ರಿ, ಆಮ್ಯಾಲೆ ಚೆಕ್ ಬರೀತೀನಿ."